ಪರಭಣಿಯಲ್ಲಿ ಹುಟ್ಟದ ಕೂಸು

ಮಹಾರಾಷ್ಟ್ರದ ಪರಭಣಿಯಲ್ಲಿರುವ ನಮ್ಮ ಜ್ಞಾತಿಗಳ, ಅಂದರೆ ದಾಯಾದಿಗಳ, ಮನೆಯಲ್ಲಿ ಗಂಡು ಕೂಸು ಹುಟ್ಟಿದೆ ಎಂದು ಏಳು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು. ಯಾವ ಕೂಸೂ ಹುಟ್ಟಿರಲಿಲ್ಲ. ನನಗೆ ಒಂದು ವಾರ ಯಾರ ಅಡ್ಡಿಯೂ ಇಲ್ಲದೆ ಸೈಕಲ್ ಹೊಡೆಯಬೇಕಾಗಿತ್ತು, ಅದಕ್ಕೆ ಹೇಳಿದೆ. ಸಂಗತಿ ಇಷ್ಟೇ. ಇಷ್ಟನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ಸೈಕಲ್ಲಿಗೂ ಕೂಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಸೇಡಂನ ಹಳೆಯ ಓಣಿಯೊಂದರಲ್ಲಿ ಪ್ರಾಣದೇವರ, ಅಂದರೆ ಹನುಮಂತನ, ಸಣ್ಣ ಗುಡಿ ಇದೆ. ಅದರ ಪೂಜೆ ಕೆಲವು ಮನೆತನಗಳಿಗೆ ಪಾಳಿಯ ಮೇಲೆ ಬರುತ್ತದೆ. ನಮ್ಮ ಮನೆತನಕ್ಕೆ ವರ್ಷದಲ್ಲಿ ಒಂದು ವಾರ, ಅದೂ ಬೇಸಿಗೆಯಲ್ಲಿ. ಆ ವಾರ ಪೂಜೆಗೆ ನಿಂತವರು ಊರಿನ ಸೀಮೆ ದಾಟುವಂತಿಲ್ಲ. ಬೆಳಕು ಹರಿಯುವ ಮುಂಚೆ ಗುಡಿಯ ಬಾವಿಯಿಂದ ಮಡಿಯಲ್ಲಿ ನೀರು ಸೇದಿ, ಕೊಡ ಹೊತ್ತು ತಂದು ಅಭಿಷೇಕ ಮಾಡಬೇಕು. ಸಂಜೆ ಮತ್ತೆ ದೀಪ, ಮಂಗಳಾರತಿ. ನಡುವೆ ಒಬ್ಬರನ್ನೂ ಮುಟ್ಟುವಂತಿಲ್ಲ, ಕಂಡಲ್ಲಿ ತಿನ್ನುವಂತಿಲ್ಲ.

ಆ ಪಾಳಿ ಮಾಡುತ್ತಿದ್ದವರು ಗೋವಿಂದ ಕಾಕಾ, ನನ್ನ ತಂದೆಯ ತಮ್ಮ. ತಹಶೀಲ ಕಚೇರಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಅವರಿಗೆ ಮಕ್ಕಳಿಲ್ಲ. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ — ನಾನು, ಹೆಂಡತಿ ಸುಧಾ, ಮಗಳು, ಕಾಕಾ. ವರ್ಷವಿಡೀ ಅವರು ಎಲ್ಲರಂಥ ಮುದುಕರು: ಪೇಪರು ಓದುತ್ತಾರೆ, ಫ್ಯಾನಿನ ಕೆಳಗೆ ತೂಕಡಿಸುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎಂದು ತಕರಾರು ತೆಗೆಯುತ್ತಾರೆ. ಪಾಳಿಯ ವಾರ ಬಂದರೆ ಮಾತ್ರ ಬೇರೆಯೇ ಮನುಷ್ಯ. ಬೆನ್ನು ನೆಟ್ಟಗಾಗುತ್ತಿತ್ತು, ದನಿ ಬದಲಾಗುತ್ತಿತ್ತು, ಸಾರಿನ ಮಾತೇ ಇಲ್ಲ. ಕಚೇರಿಯಲ್ಲಿ ಯಾರೂ ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ನನಗೆ ಗೊತ್ತು. ಆ ಒಂದು ವಾರ ಓಣಿಯ ಜನ ಅವರಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಆ ವರ್ಷ ಯುಗಾದಿಯಾದ ಮೇಲೆ ಕಾಕಾ ನನ್ನನ್ನು ಕರೆದು ಹೇಳಿದರು:

"ರಾಘು, ಇದು ನನ್ನ ಕಡೀ ಪಾಳಿ. ಮೊಣಕಾಲು ಮಾತು ಕೇಳವಲ್ಲವು. ನೀ ನನ್ನ ಜೊತಿಗಿರು, ಒಂದೊಂದ ಕೈಹಿಡದು ತೋರಸ್ತೀನಿ. ಮುಂದಿನ ವರ್ಷದಿಂದ ನೀನ ಮಾಡು."

"ಆಗಲಿ ಕಾಕಾ," ಎಂದೆ.

ನನ್ನ ಸ್ವಭಾವವನ್ನು ಇಲ್ಲೇ ಹೇಳಿಬಿಡಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಊರಲ್ಲಿ ಒಳ್ಳೆಯ ಹೆಸರಿದೆ. ಮಾಸ್ತರು ಯಾರಿಗೂ ಇಲ್ಲ ಅನ್ನುವುದಿಲ್ಲ ಎನ್ನುತ್ತಾರೆ. ನಿಜ, ಅನ್ನುವುದಿಲ್ಲ. ಎದುರಿಗೆ ಆಗಲಿ ಎಂದು, ಆಮೇಲೆ ಹಿಂಬಾಗಿಲಿನಿಂದ ಹೇಗೆ ಜಾರಿಕೊಳ್ಳುವುದು ಎಂದು ಲೆಕ್ಕ ಹಾಕುವ ಜಾತಿ ನನ್ನದು. ಒಳ್ಳೆಯವನು ಅನ್ನಿಸಿಕೊಳ್ಳುವ ಚಟ — ಅದಕ್ಕಿಂತ ಕೆಟ್ಟ ಚಟವನ್ನು ನಾನು ಕಂಡಿಲ್ಲ.

ಸೈಕಲ್ ನನಗೆ ತಡವಾಗಿ ಹತ್ತಿದ ಹುಚ್ಚು. ಸಕ್ಕರೆ ಕಾಯಿಲೆಯ ಮುನ್ಸೂಚನೆ ಇದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆಯುವುದು ಬೇಸರ, ಸೈಕಲ್ ಕೊಂಡೆ. ಒಂದೇ ವರ್ಷದಲ್ಲಿ ಸಕ್ಕರೆ ಮರೆತು ಹೋಯಿತು, ಸೈಕಲ್ ಉಳಿಯಿತು. ನಮ್ಮ ಕಡೆಯ ಬಿಸಿಲಿನಲ್ಲಿ ದಿನಾ ಹೊರಗೆ ಹೋಗಲಾಗದು ಎಂದು ಟ್ರೇನರ್ ಎನ್ನುವ ಕಬ್ಬಿಣದ ಸ್ಟ್ಯಾಂಡನ್ನೂ ತರಿಸಿದೆ. ಹಿಂದಿನ ಗಾಲಿಯನ್ನು ಅದರಲ್ಲಿ ಸಿಕ್ಕಿಸಿದರೆ ಸೈಕಲ್ ಇದ್ದಲ್ಲೇ ಓಡುತ್ತದೆ. ಗಾಲಿ ಉರುಳೆಗೆ ಒತ್ತಿ ಗೊರ್ರೆಂದು ಸದ್ದು ಮಾಡುತ್ತದೆ, ಬೆವರು ನೆಲದ ಫರಸಿ ಕಲ್ಲಿನ ಮೇಲೆ ಕೆರೆ ಕಟ್ಟುತ್ತದೆ, ಊರು ಮಾತ್ರ ಬರುವುದಿಲ್ಲ.

ನನ್ನ ಜೊತೆಗಾರ ಶಹಾಬಾದಿನ ಖಾದರ್, ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಸಣ್ಣ ಕಾರ್ಖಾನೆ ಇಟ್ಟುಕೊಂಡವನು. ಅವನದೇ ಯೋಜನೆ: ಒಂದು ಭಾನುವಾರ ಶಹಾಬಾದಿನಿಂದ ಹೊರಟು ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ ಮುಟ್ಟಿ, ಅದೇ ದಿನ ತಿರುಗಿ ಬರುವುದು. ಹೋಗಿ ಬಂದರೆ ಇನ್ನೂರು ಕಿಲೋಮೀಟರಿನ ಆಸುಪಾಸು. ಅಷ್ಟು ದೂರ ನಾನು ಎಂದೂ ಹೊಡೆದಿರಲಿಲ್ಲ. ಅದರ ಹಿಂದಿನ ವಾರವಿಡೀ ಒಂದು ದಿನ ಒಳಗೆ, ಒಂದು ದಿನ ಹೊರಗೆ ಎಂದು ತಯಾರಿ ಮಾಡಬೇಕಿತ್ತು. ದಿನ ಗೊತ್ತು ಮಾಡಿ, ಆಗಲಿ ಎಂದು ಅವನಿಗೂ ಹೇಳಿದ್ದೆ.

ಎರಡೂ ಒಂದೇ ವಾರ ಬಂದವು.

ಕಾಕಾ, ನನಗೆ ಆಗುವುದಿಲ್ಲ, ಬೇರೆ ಯಾರನ್ನಾದರೂ ನೀರು ಸೇದಲು ಕರೆದುಕೊಳ್ಳಿ — ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಅವರಿಗೆ ನೋವಾಗುತ್ತಿತ್ತು, ನಾಲ್ಕು ದಿನ ಮುಖ ಗಂಟು ಹಾಕುತ್ತಿದ್ದರು. ಆ ಗಂಟು ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅದರ ಬದಲು ಇಡೀ ಮನೆಗೇ ಮೈಲಿಗೆ ತಂದೆ.

ನಮ್ಮಲ್ಲಿ ಜ್ಞಾತಿಗಳ ಮನೆಯಲ್ಲಿ ಸಾವಾದರೆ ಸೂತಕ, ಹುಟ್ಟಾದರೆ ವೃದ್ಧಿ. ಎರಡರಲ್ಲೂ ಹತ್ತು ದಿನ ದೇವರನ್ನು ಮುಟ್ಟುವಂತಿಲ್ಲ. ಎಲ್ಲೋ ದೂರದ ಊರಿನಲ್ಲಿ, ಮುಖ ನೋಡದ ಅಣ್ಣತಮ್ಮಂದಿರ ಮನೆಯಲ್ಲಿ ಆದರೂ ಅಷ್ಟೇ. ಬದುಕಿದ್ದವರನ್ನು ಬಾಯಿಂದ ಸಾಯಿಸಲು ಹೆದರಿದೆ. ಅದಕ್ಕೆ ಹುಟ್ಟಿಸಿದೆ. ಅದೇನೋ ಸಭ್ಯ ಸುಳ್ಳು ಎಂದು ನನಗೆ ಆಗ ಅನ್ನಿಸಿತ್ತು. ಪರಭಣಿಯಲ್ಲಿ ಶ್ರೀಪಾದ ಎಂಬ ಜ್ಞಾತಿ ಇದ್ದ. ಒಂದು ಮದುವೆಯಲ್ಲಿ ನನಗೆ ಸಿಕ್ಕಿದ್ದ, ಅವನಿಗೂ ಮದುವೆಯಾಗಿತ್ತು ಎಂಬುದಷ್ಟೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಅವರ ಸಂಪರ್ಕ ಇರಲಿಲ್ಲ.

ಪಾಳಿ ಶುರುವಾಗುವುದು ಸೋಮವಾರ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಮೊಬೈಲು ಕೈಯಲ್ಲಿ ಹಿಡಿದು ಪಡಸಾಲೆಗೆ ಬಂದೆ.

"ಕಾಕಾ, ಪರಭಣಿಯಿಂದ ಫೋನ್ ಬಂದಿತ್ತು. ನಮ್ಮ ಶ್ರೀಪಾದಗ ನಿನ್ನೆ ಗಂಡು ಕೂಸು ಆಗ್ಯದಂತ."

ಗಂಡೋ ಹೆಣ್ಣೋ ಎಂದು ಅವರು ಕೇಳಿರಲೇ ಇಲ್ಲ, ನಾನೇ ಸೇರಿಸಿದೆ. ಸುಳ್ಳು ಹೇಳುವವನಿಗೆ ಕೈ ಉದಾರ.

ಕಾಕಾ ಕನ್ನಡಕ ತೆಗೆದರು. ಬೆರಳ ಗೆಣ್ಣಿನ ಮೇಲೆ ಏನೋ ಎಣಿಸಿದರು. ನಾನು ಅವರ ಮುಖ ಇಳಿಯುವುದನ್ನೇ ಕಾಯುತ್ತಿದ್ದೆ. ಇಳಿಯಿತು, ಆದರೆ ಕ್ಷಣ ಮಾತ್ರ. ಆಮೇಲೆ ನಕ್ಕರು — ನಾನು ಕಂಡಿರದ ನಗೆ.

"ವೃದ್ಧಿ ಬಂತಲ್ಲೋ! ಪಾಳಿ ಹೋತು. ಹೋಗವಲ್ದ್ಯಾಕ. ನಮ್ಮ ವಂಶದಾಗ ಗಂಡು ಕೂಸು ಹುಟ್ಟಿ ಎಷ್ಟು ವರ್ಷಾತು! ನಮ್ಮಪ್ಪನ ಹೆಸರು ನರಸಿಂಹ ಅಂತ ಇಡರಿ ಅಂತ ಹೇಳು ಅವರಿಗೆ. ಮರೀಬ್ಯಾಡ."

ಸುಧಾ ಅಡುಗೆ ಮನೆಯಿಂದ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ನನ್ನ ಬಾಯಿಗೂ.

ನನ್ನ ಲೆಕ್ಕ ಏನಿತ್ತೆಂದರೆ — ಪಾಳಿ ಒಂದೆರಡು ವಾರ ಮುಂದೆ ಹೋಗುತ್ತದೆ, ಬೇರೆ ಮನೆಯವರೊಂದಿಗೆ ಅದಲುಬದಲು ಮಾಡಿಕೊಂಡರಾಯಿತು, ಯಾರಿಗೂ ನಷ್ಟವಿಲ್ಲ. ಸಂಜೆ ಕಾಕಾ ಪಾಳಿಗೆಂದು ತಂದಿಟ್ಟುಕೊಂಡಿದ್ದ ಗುಡಿಯ ಎರಡನೆಯ ಕೀಲಿಕೈಯನ್ನು ಮುಂದಿನ ಪಾಳಿಯವರ ಕೈಗೆ ಕೊಟ್ಟು ಬಂದರು. ಪೂಜೆ ತಪ್ಪಬಾರದೆಂದು ನಮ್ಮ ಮನೆಯ ದೇವರುಗಳಿದ್ದ ಸಂಪುಟದ ಪೆಟ್ಟಿಗೆಯನ್ನೂ ಅವರ ಮನೆಗೆ ಕಳಿಸಿದರು. ಮತ್ತೆ ನಮ್ಮ ಪಾಳಿ ಯಾವಾಗ ಎಂದು ಕೇಳಿದೆ.

"ಮೈಲಿಗಿಯಿಂದ ಬಿಟ್ಟ ಪಾಳಿ ಬಿಟ್ಟಂಗ. ಇನ್ನ ಮುಂದಿನ ವರ್ಷನ," ಎಂದರು.

ಆಗ ಹೇಳಬಹುದಿತ್ತು. ಕೀಲಿಕೈ ಇನ್ನೂ ಎರಡು ಮನೆ ಆಚೆಯೇ ಇತ್ತು. ಫೋನಿನಲ್ಲಿ ಕೇಳಿಸಿಕೊಂಡದ್ದು ತಪ್ಪಾಯಿತು, ಅದು ಬೇರೆ ಮನೆತನದವರ ಸುದ್ದಿ ಎಂದು ಇನ್ನೊಂದು ಸುಳ್ಳಾದರೂ ಹೇಳಬಹುದಿತ್ತು. ನಾನು ಸುಮ್ಮನಿದ್ದೆ. ಮೊದಲನೆಯದು ಹೇಡಿತನ ಎನ್ನೋಣ. ಈ ಸುಮ್ಮನಿದ್ದದ್ದು — ಇದು ತಿಳಿದು ಮಾಡಿದ್ದು.

ಸೋಮವಾರ ಬೆಳಗ್ಗೆ ಟ್ರೇನರ್ ಮೇಲೆ ಹತ್ತಿದೆ. ಮಂಗಳವಾರ ಮಳಖೇಡದ ದಾರಿ ಹಿಡಿದು ಕಾಗಿಣಾ ಸೇತುವೆಯವರೆಗೆ ಹೋಗಿ ಬಂದೆ. ಎದುರುಗಾಳಿ, ಸಿಮೆಂಟು ಟ್ಯಾಂಕರುಗಳು, ಜಾಲಿ ಗಿಡದ ಮೇಲೆ ಬಿಳಿ ದೂಳು. ಬುಧವಾರ ಮತ್ತೆ ಒಳಗೆ. ಗುರುವಾರ ನಮ್ಮ ತಾಲೂಕಿನದೇ ಮುಧೋಳಕ್ಕೆ ಹೋಗಿ ಬಂದೆ. ತೊಗರಿ ಕೊಯ್ದ ಕರಿ ಹೊಲಗಳ ನಡುವೆ ದಾರಿಯೆಲ್ಲ ನನ್ನದೇ. ಶುಕ್ರವಾರ ಸ್ವಲ್ಪ ಹೊತ್ತು ಒಳಗೆ, ಕಾಲು ಸಡಿಲಾಗಲಿ ಎಂದು. ಹೊರಗಿನ ದಿನಗಳು ಈಗ ನೆನಪಿನಲ್ಲಿ ಒಂದರೊಳಗೊಂದು ಕಲೆತುಹೋಗಿವೆ. ಒಳಗಿನ ದಿನಗಳು ಮಾತ್ರ ಹಾಗೇ ಉಳಿದಿವೆ, ಕಾಕಾ ಇದ್ದುದರಿಂದ.

ಪೂಜೆಯಿಲ್ಲದ ಬೆಳಗನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸ್ನಾನ ಮುಗಿಸಿ, ದೇವರಿಲ್ಲದ ದೇವರ ಮನೆಯ ಮುಂದೆ ಎರಡು ಸಲ ಸುಳಿದು, ನನ್ನ ಕೋಣೆಯ ಹೊಸ್ತಿಲ ಮೇಲೆ ಬಂದು ಕುಳಿತರು.

"ಗಿರಣಿ ಹಾಕೀ ಏನೋ? ಇಷ್ಟು ಸಪ್ಪಳ!"

ಆಮೇಲೆ ಅದೇ ರೂಢಿಯಾಯಿತು. ನಾನು ಇದ್ದಲ್ಲೇ ತುಳಿಯುವುದು, ಅವರು ಬೀಸಣಿಗೆ ಹಿಡಿದು ನೋಡುವುದು. ನಡುನಡುವೆ ಕೇಳುತ್ತಿದ್ದರು:

"ಈಗ ಎಲ್ಲಿಗೆ ಬಂದಿ?"

"ಚಿತ್ತಾಪುರ ದಾಟೀನಿ ಕಾಕಾ."

"ಭಲೆ! ವಾಡಿ ಸ್ಟೇಷನ್‌ನಾಗ ಚಹಾ ಕುಡದು ಹೋಗು."

ಬುಧವಾರ, ತುಳಿತದ ನಡುವೆ, ಓಣಿಯ ಆಚೆಯಿಂದ ಗುಡಿಯ ಗಂಟೆ ಕೇಳಿತು. ಅವರು ಬೀಸಣಿಗೆ ನಿಲ್ಲಿಸಿದರು. ತುಟಿ ಅಲುಗುತ್ತಿತ್ತು — ಅಭಿಷೇಕದ ಮಂತ್ರವನ್ನು ದನಿಯಿಲ್ಲದೆ ಹೇಳುತ್ತಿದ್ದರು. ನಾನು ಗೇರು ಬದಲಿಸಿ ಇನ್ನೂ ಜೋರಾಗಿ ತುಳಿದೆ, ಗಾಲಿಯ ಸದ್ದಿನಲ್ಲಿ ಗಂಟೆ ಮುಚ್ಚಿಹೋಗಲಿ ಎಂದು. ಅವರಿಗೆ ಕೇಳಿಸದಿರಲಿ ಎಂದಲ್ಲ. ನನಗೆ.

ಶನಿವಾರ ಸೈಕಲ್ಲನ್ನು ಪ್ಯಾಸೆಂಜರ್ ಗಾಡಿಯಲ್ಲಿ ಹಾಕಿಕೊಂಡು ವಾಡಿಗೆ ಹೋಗಿ, ಅಲ್ಲಿಂದ ತುಳಿದು ಶಹಾಬಾದ್ ಸೇರಿದೆ. ಭಾನುವಾರ ನಸುಕಿನಲ್ಲಿ ಖಾದರ್ ಮತ್ತು ಅವನ ಇಬ್ಬರು ಗೆಳೆಯರೊಂದಿಗೆ ಹೊರಟೆ. ವಾಡಿ ಹಿಂದೆ ಬಿತ್ತು, ಚಿತ್ತಾಪುರ ಹಿಂದೆ ಬಿತ್ತು. ಬಿಸಿಲು ಏರುವ ಹೊತ್ತಿಗೆ ಸೇಡಂಗೆ ಬಂದೆವು. ಊರಿನಲ್ಲಿ ನಿಲ್ಲದೆ ದಾಟಿಬಿಡಬೇಕು ಎಂದಿದ್ದೆ. ಆದರೆ ದೊಡ್ಡ ರಸ್ತೆಯ ತಿರುವಿನಲ್ಲಿ, ಅಂಗಡಿಯ ನೆರಳಲ್ಲಿ, ಕಾಕಾ ನಿಂತಿದ್ದರು. ಪಕ್ಕದಲ್ಲಿ ತಣ್ಣನೆಯ ಸೋಡಾ ಬಾಟಲಿಗಳು.

"ಬರ್ರಿ, ಬರ್ರಿ, ಕುಂದ್ರಿ. ಮನೀದು ಕೊಡಂಗಿಲ್ರಿ, ನಮಗ ವೃದ್ಧಿ ಅದ, ಅದಕ್ಕ ಅಂಗಡೀದ ತಗೊಂಡೀನಿ. ನಮ್ಮ ವಂಶದಾಗ ಗಂಡು ಕೂಸು ಹುಟ್ಟ್ಯದ!"

ಖಾದರ್ ಸೈಕಲ್ ಇಳಿದು ಅವರ ಎರಡೂ ಕೈ ಹಿಡಿದುಕೊಂಡ. "ಮುಬಾರಕ್ ಆಗ್ಲಿರಿ ಕಾಕಾ!" ಎಂದ. ನನ್ನ ಕಡೆ ತಿರುಗಿ, "ಏನ್ ಮಾಸ್ತರೇ, ಇಷ್ಟು ಚಲೋ ಸುದ್ದಿ ಬಚ್ಚಿಟ್ಕೊಂಡೀರಿ?" ಎಂದು ಬೈದ. ನಾನು ಸೋಡಾ ಕುಡಿದೆ.

ಚಿಂಚೋಳಿಯ ಹತ್ತಿರ ನೆಲ ಏರತೊಡಗುತ್ತದೆ. ಬಯಲು ಮುಗಿದು ಗುಡ್ಡ, ಕಾಡು. ಏರು ಹತ್ತಿ ನಿಂತಾಗ ಮೈಗೆ ಗಾಳಿ ಬಡಿಯುತ್ತಿತ್ತು. ಇಲ್ಲಿ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಮನಸ್ಸು ಚುಚ್ಚಿತು, ದಾರಿಯೆಲ್ಲ ಕಾಕಾನ ಮುಖ ಕಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಆ ದಿನ ನನಗೆ ಭಾರೀ ಸಂತೋಷವಾಗಿತ್ತು. ಖಾದರ್ ಊರೊಳಗಿನ ಅಂಗಡಿಯಿಂದ ಪೇಡೆ ತಂದು ಕೂಸಿನ ಹೆಸರಿನಲ್ಲಿ ಹಂಚಿದ. ನಾನು ಎರಡು ತಿಂದೆ. ತಿರುಗಿ ಶಹಾಬಾದ್ ಮುಟ್ಟಿದಾಗ ಕತ್ತಲಾಗಿತ್ತು. ಅಷ್ಟು ದೂರ ಮತ್ತೆಂದೂ ಹೊಡೆದಿಲ್ಲ. ಒಂದೇ ಒಂದು ಸಲ.

ಮುಂದಿನ ವರ್ಷ ಪಾಳಿ ಬರುವ ಹೊತ್ತಿಗೆ ಕಾಕಾನ ಕೈ ನಡುಗಲು ಹತ್ತಿದ್ದವು. ಮೊಣಕಾಲಿನ ಮಾತೇ ಬೇರೆ, ಇದು ಹೊಸದು. ಚಹಾದ ಕಪ್ಪನ್ನು ಅದರ ಕೆಳಗಿನ ಬಸಿಗೆ ತಾಗಿಸದೆ ಎತ್ತಲಾರರು. ದೇವರ ತಲೆಯ ಮೇಲೆ ನೀರೆರೆಯುವ ಕೊಡ ಅವರ ಕೈಯಲ್ಲಿ ನಿಲ್ಲಲಿಲ್ಲ. ನಾನೇ ಮಾಡಿದೆ. ಅವರು ಗರ್ಭಗುಡಿಯ ಹೊರಗೆ ಕುಳಿತು, ಈಗ ಹಾಲು, ಈಗ ಮೊಸರು ಎಂದು ಹೇಳಿಕೊಟ್ಟರು. ಕಡೆಯ ದಿನ ಮಂಗಳಾರತಿಯಾದ ಮೇಲೆ ಮೆಲ್ಲಗೆ ಅಂದರು:

"ಹೋದ ವರ್ಷದ್ದು ಒಂದು ಮಾಡಿದ್ರ ಮನಸು ತುಂಬತಿತ್ತು. ಇರಲಿ, ಕೂಸಿನ ಸಲುವಾಗಿ ಬಿಟ್ಟದ್ದು. ಪ್ರಾಣದೇವರಿಗೂ ಬ್ಯಾಸರ ಇರಲಿಕ್ಕಿಲ್ಲ."

ಆಗಲೂ ನಾನು ಹೇಳಲಿಲ್ಲ. ಹೇಳಿದರೆ ಆ ಸಮಾಧಾನವೂ ಹೋಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನೆಪ ಗಟ್ಟಿಯಾಗಿತ್ತು, ವರ್ಷಗಟ್ಟಲೆ ಬಾಳಿಕೆ ಬಂತು. ಅದರ ಆಸರೆಯಲ್ಲಿ ಆ ಕೂಸನ್ನು ನಾನು ಬೆಳೆಸಿದೆ. ನರಸಿಂಹ ಎಂದೇ ಹೆಸರಿಟ್ಟರು ಎಂದೆ. ಹಲ್ಲು ಬಂದವೇ ಎಂದು ಕಾಕಾ ಕೇಳಿದರೆ ಬಂದವು ಎಂದೆ. ನಡೆಯಿತು ಎಂದೆ, ಸಾಲಿಗೆ ಸೇರಿಸಿದರು ಎಂದೆ. ಒಮ್ಮೆ ಹೋಗಿ ನೋಡಿ ಬರೋಣ ಎಂದಾಗ ಒಂದು ವರ್ಷ ಬಿಸಿಲು ಅಡ್ಡ ಬಂತು, ಮುಂದೆ ಕೊರೊನಾ ಬಂದು ನನಗೆ ಅನುಕೂಲವೇ ಆಯಿತು. ಫೋಟೋ ಬೇಕೆಂದು ಹಟ ಹಿಡಿದಾಗ ನಮ್ಮ ಸಾಲಿಯ ಗುಮಾಸ್ತರ ಮಗನದು ಮೊಬೈಲಿನಲ್ಲಿ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ನಮ್ಮಪ್ಪನ ಮೂಗು ಹಂಗ ಇಳದದ ನೋಡು," ಎಂದರು. ಇದನ್ನು ನೆನೆಸಿಕೊಂಡು ನಾನು ಒಂದು ಕಾಲಕ್ಕೆ ಒಳಗೊಳಗೇ ನಗುತ್ತಿದ್ದೆ ಕೂಡ. ಈಗ ಬರೆಯುವಾಗ ನಾಚಿಕೆಯಾಗುತ್ತಿದೆ, ಅಷ್ಟೇ.

ಹೋದ ತಿಂಗಳು ಕಾಕಾ ಸುಧಾಳ ಕೈಯಿಂದ ಟ್ರಂಕು ತೆಗೆಸಿದರು. ತಾವು ಸಂಧ್ಯಾವಂದನೆಗೆ ಬಳಸುತ್ತಿದ್ದ ಬೆಳ್ಳಿಯ ಪಂಚಪಾತ್ರೆ, ನೀರು ತೆಗೆಯುವ ಉದ್ಧರಣೆ, ಸಣ್ಣ ತಾಟು ಅದರಲ್ಲಿದ್ದವು. ಕೈ ನಡುಗಿ ನೀರು ಚೆಲ್ಲುತ್ತದೆ ಎಂದು ಅವನ್ನು ಎತ್ತಿಟ್ಟಿದ್ದರು. ಅವಳಿಂದಲೇ ಹುಣಸೆಹಣ್ಣು ಹಾಕಿ ತಿಕ್ಕಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಸಿ, ನನ್ನನ್ನು ಕರೆದರು.

"ನರಸಿಂಹಗ ಏಳು ತುಂಬಿ ಎಂಟಕ್ಕ ಬಿತ್ತು. ಮುಂಜಿವಿ ಮಾಡ್ತಾರಲ್ಲ, ಯಾವಾಗಂತ ಕೇಳು. ಇವು ಅವಗ. ನಾನ ಕೊಡ್ತೀನಿ, ಗಾಡಿಯಾಗ ಹ್ಯಾಂಗರ ಮಾಡಿ ನನ್ನ ಒಯ್ಯಿ. ಒಮ್ಮೆ ಅವನ ತಲಿ ಮುಟ್ಟಿ ಬಂದ್ರ ಸಾಕು."

ಅವತ್ತು ಎದ್ದು ಹೊರಗೆ ಹೋದೆ. ನಾಲ್ಕು ದಿನ ಬಿಟ್ಟು ಸುಧಾಗೆ ಎಲ್ಲ ಹೇಳಿದೆ. ಅವಳಿಗೂ ಅದೇ ಮೊದಲು ತಿಳಿದದ್ದು. ನನ್ನನ್ನು ನೋಡಲಿಲ್ಲ, ನೆಲ ನೋಡುತ್ತ ಅಂದಳು: "ಅವರಿಗೆ ನೀವ ಹೇಳ್ರಿ. ಇವತ್ತ ಹೇಳ್ರಿ. ಆ ಗಂಟು ಅವರ ತಲಿದಿಂಬಿನ ಹಂತ್ಯಾಕ ಇಟಗೊಂಡು ಮಲಗಲಿಕ್ಕತ್ತಾರ."

ಹೇಳಿದೆ. ಕುರ್ಚಿ ಎಳೆದುಕೊಂಡು ಎದುರು ಕುಳಿತು, ಸೈಕಲ್ಲಿನಿಂದ ಹಿಡಿದು ಫೋಟೋವರೆಗೆ, ಒಂದನ್ನೂ ಬಿಡದೆ. ನಾನು ನಿಲ್ಲಿಸಿದ ಮೇಲೂ ಕಾಕಾ, ಇನ್ನೂ ಏನೋ ಬಾಕಿ ಇದೆ ಎಂಬಂತೆ ನನ್ನ ಬಾಯನ್ನೇ ನೋಡುತ್ತಿದ್ದರು.

"ಹುಡುಗ ಹುಟ್ಟೇ ಇಲ್ಲೇನು?"

"ಇಲ್ಲ ಕಾಕಾ."

ಗಂಟಿನ ಮೇಲೆ ಕೈಯಿಟ್ಟರು. ಬೆಳ್ಳಿ ಒಳಗೆ ಸಣ್ಣಗೆ ಗಲಗಲ ಎಂದಿತು. ನಾನು ಬೈಗುಳಕ್ಕೆ ಕಾದೆ. ಅವರು ಯೋಚಿಸುತ್ತಿದ್ದುದು ಬೇರೆ.

"ಹಂಗಾರ ಆ ವಾರ ನಮಗ ಮೈಲಿಗಿ ಇದ್ದಿದ್ದಿಲ್ಲ?"

"ಇದ್ದಿದ್ದಿಲ್ಲ."

"ಆವಾಗ ನನ್ನ ಕೈ ಗಟ್ಟಿ ಇದ್ದವು, ರಾಘು," ಎಂದರು.

ಕ್ಷಮಿಸಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಆಗಲಿ ಎಂದುಬಿಡುತ್ತಿದ್ದರು, ನಾನು ಹಗುರಾಗಿ ಎದ್ದು ಹೋಗುತ್ತಿದ್ದೆ. ಅದು ಬೇಡವಾಗಿತ್ತು. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಕುರ್ಚಿಯಲ್ಲೇ ಕುಳಿತಿದ್ದೆ.